ಮರಳುದಿಬ್ಬವನ್ನು ಅಳಿಸಿದ ವರ್ಷ

ಚಳಿಗಾಲ ಮುಗಿಯುತ್ತಿದ್ದಂತೆ ಆಮ್ಸ್ಟರ್‌ಡ್ಯಾಮಿನ ಪಕ್ಕದ ನಮ್ಮೂರು ಆಮ್ಸ್ಟೆಲ್‌ವೀನಿನ ಅಂಚಿನ ಹುಲ್ಲುಹೊಲಗಳಿಗೆ ರೈತರು ಸಗಣಿನೀರು ಉಣಿಸುತ್ತಾರೆ. ದಕ್ಷಿಣದ ಗಾಳಿ ಇದ್ದರೆ ಆ ವಾಸನೆ ನಮ್ಮ ಮೂರನೇ ಮಹಡಿಯವರೆಗೆ ಏರಿ ಬರುತ್ತದೆ. ನೆರೆಮನೆಯವರು ಮೂಗು ಮುರಿದು ಕಿಟಕಿ ಹಾಕುತ್ತಾರೆ. ನಾನು ಹಿರಿಯೂರಿನಲ್ಲಿ ಹುಟ್ಟಿ ಬೆಳೆದವಳು, ಕೊಟ್ಟಿಗೆಯ ವಾಸನೆ ನನಗೆ ಹೊಸದಲ್ಲ, ಅಸಹ್ಯವೂ ಅಲ್ಲ. ಆದರೆ ಕಳೆದ ವಾರ ಸೈಕಲ್ಲಿನಲ್ಲಿ ಕಾಲುವೆಯ ದಂಡೆ ಹಿಡಿದು ಬರುವಾಗ ಅದು ಮುಖಕ್ಕೆ ಬಡಿದು, ಇಳಿದು ನಿಲ್ಲಬೇಕಾಯಿತು. ನೆನಪಾದದ್ದು ಹಿರಿಯೂರಲ್ಲ. ನಾನು ಒಮ್ಮೆಯೂ ಕಾಲಿಡದ, ಆದರೆ ಒಂದು ಚಳಿಗಾಲದಿಂದ ಇನ್ನೊಂದು ಚಳಿಗಾಲದವರೆಗೆ ದಿನಾ ನೋಡಿದ, ಆಸ್ಟ್ರೇಲಿಯಾದ ಉತ್ತರದ ಒಂದು ದನದ ಬಯಲು. ಆ ವರ್ಷ ನಾನು ಮಾಡಿದ್ದನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಒಮ್ಮೆ ವಕೀಲರ ಮುಂದೆ ಹೇಳಿದ್ದೆ, ಆದರೆ ಅಲ್ಲಿ ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕಿತ್ತು.

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಆಮ್ಸ್ಟರ್‌ಡ್ಯಾಮಿನ ದಕ್ಷಿಣದ ಗಾಜಿನ ಕಟ್ಟಡವೊಂದರ ಹದಿನಾಲ್ಕನೇ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಜನರ ನಿವೃತ್ತಿಯ ಹಣವನ್ನು ದೂರದೇಶದ ಜಮೀನುಗಳಲ್ಲಿ ತೊಡಗಿಸುವ ಕಂಪನಿ ಅದು. ಎಲ್ಲೋ ಕಾಡು, ಎಲ್ಲೋ ದ್ರಾಕ್ಷಿತೋಟ, ಎಲ್ಲೋ ಗೋಧಿಹೊಲ. ನನ್ನ ಕೆಲಸ ನಕ್ಷೆ. ಉಪಗ್ರಹದ ಚಿತ್ರಗಳ ಮೇಲೆ ರಸ್ತೆ, ಬೇಲಿ, ಬಾವಿ, ಗಡಿ ಎಲ್ಲವನ್ನೂ ಪದರ ಪದರವಾಗಿ ಕೂರಿಸಿ, ಕೊಳ್ಳುವವರಿಗೆ ಜಮೀನಿನ ಮೇಲೆ ಏನಿದೆ, ಏನಿಲ್ಲ ಎಂದು ತೋರಿಸುವುದು. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಸರ್ವೆಯರ್ ಆಗಿದ್ದವರು, ಸರಪಳಿ ಹಿಡಿದು ಬಿಸಿಲಲ್ಲಿ ಹೊಲ ಅಳೆದವರು. ನಾನು ಕಾಫಿ ಕುಡಿಯುತ್ತ ಕೂತಲ್ಲೇ ಅಳೆಯುತ್ತಿದ್ದೆ.

ಆ ನವೆಂಬರಿನಲ್ಲಿ ನನ್ನ ಮೇಜಿಗೆ ಬಂದದ್ದು ಆ ದನದ ಬಯಲು. ಆ ದೇಶದಲ್ಲಿ ಅಂಥದ್ದನ್ನು ಸ್ಟೇಷನ್ ಎನ್ನುತ್ತಾರೆ. ನಮ್ಮ ಚಿತ್ರದುರ್ಗ ಜಿಲ್ಲೆಯಷ್ಟು ಅಗಲದ ಕೆಂಪು ನೆಲ, ಅದರ ನಡುವೆ ಒಂದೇ ಒಂದು ಮನೆ, ವಿಮಾನ ಇಳಿಯಲು ಒಂದು ಮಣ್ಣಿನ ಪಟ್ಟಿ, ಅಲ್ಲೊಂದು ಇಲ್ಲೊಂದು ಕೊಳವೆಬಾವಿ. ಹತ್ತಿರದ ಊರಿಗೆ ದಿನವಿಡೀ ಗಾಡಿ ಓಡಿಸಬೇಕು. ನನ್ನ ಕಿಟಕಿಯ ಹೊರಗೆ ನಾಲ್ಕು ಗಂಟೆಗೇ ಬೆಳಕು ಸತ್ತು, ಮಳೆ ಗಾಜಿಗೆ ಅಡ್ಡಡ್ಡ ಹೊಡೆಯುತ್ತಿತ್ತು. ಪರದೆಯ ಮೇಲೆ ಮಾತ್ರ ಆ ಕೆಂಪು ಬಿಸಿಲು. ಅದನ್ನು ನೋಡುತ್ತಿದ್ದರೆ ಕಣ್ಣಿಗೆ ಹಿತವಾಗುತ್ತಿತ್ತು ಎಂದು ಒಪ್ಪಿಕೊಳ್ಳಬೇಕು.

ಕಡತದಲ್ಲಿ ಆ ಸ್ಟೇಷನ್ನಿನ ಇತಿಹಾಸ ಎಂದು ಮೂರು ಪುಟ ಇತ್ತು. ಇಬ್ಬರು ಅಣ್ಣತಮ್ಮಂದಿರು ದಕ್ಷಿಣದಿಂದ ತಿಂಗಳುಗಟ್ಟಲೆ ದನ ಹೊಡೆದುಕೊಂಡು ಬಂದು ಬಯಲನ್ನು ಹಿಡಿದರು. ಆಮೇಲೆ ಒಂದು ಇಂಗ್ಲಿಷ್ ಕಂಪನಿ ಕೊಂಡಿತು. ಆಮೇಲೆ ಡಬ್ಬದ ಮಾಂಸ ಮಾಡುವವರು, ಆಮೇಲೆ ಇನ್ನೊಬ್ಬರು. ಬರ ಬಂದ ವರ್ಷಗಳು, ರಸ್ತೆ ಬಂದ ವರ್ಷ, ಹೆಲಿಕಾಪ್ಟರಿನಲ್ಲಿ ದನ ಅಟ್ಟಲು ಶುರುಮಾಡಿದ ವರ್ಷ, ಎಲ್ಲ ಇತ್ತು. ಅಣ್ಣತಮ್ಮಂದಿರು ಬರುವ ಮೊದಲು ಅಲ್ಲಿ ಯಾರಿದ್ದರು ಎಂಬುದಕ್ಕೆ ಒಂದೇ ಸಾಲು: ಸ್ಥಳೀಯ ಕೂಲಿಯಾಳುಗಳು ಸುಲಭವಾಗಿ ಸಿಗುತ್ತಿದ್ದರು.

ಜಮೀನಿನ ಹಕ್ಕಿನ ವಿಷಯ ಬೇರೆ ಕಾಗದದಲ್ಲಿತ್ತು. ಆ ನೆಲ ಸರ್ಕಾರದ್ದು; ದನ ಮೇಯಿಸಲು ಮಾತ್ರ ದೀರ್ಘ ಗುತ್ತಿಗೆ. ಮೂಲನಿವಾಸಿಗಳು ಇಪ್ಪತ್ತಕ್ಕೂ ಹೆಚ್ಚು ವರ್ಷ ನ್ಯಾಯಾಲಯ ಸುತ್ತಿ, ಅದು ತಮ್ಮ ನೆಲ ಎಂದು ಒಪ್ಪಿಸಿದ್ದರು. ಆದರೆ ಆ ಹಕ್ಕು ಗುತ್ತಿಗೆಯ ಪಕ್ಕದಲ್ಲಿ ಇರಬೇಕಾದ ಹಕ್ಕು: ಒಳಗೆ ಹೋಗಬಹುದು, ಬಿಡಾರ ಹೂಡಬಹುದು, ಬೇಟೆಯಾಡಬಹುದು, ತಮ್ಮ ವಿಧಿಗಳನ್ನು ಮಾಡಬಹುದು. ಎರಡಕ್ಕೂ ಜಗಳ ಬಂದರೆ ಗೆಲ್ಲುವುದು ದನ. ನಮ್ಮ ಕಡೆಯ ಕಾವಲು ಜಮೀನಿನ ಬಗ್ಗೆ ಅಪ್ಪ ಹೇಳುತ್ತಿದ್ದ ಜಗಳಗಳನ್ನು ಕೇಳಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು. ನನ್ನ ನಕ್ಷೆಗೆ ಇದರಿಂದ ಬಂದದ್ದು ಒಂದು ಪದರ, ಅಷ್ಟೆ. ಅವರ ಪವಿತ್ರ ಜಾಗಗಳು, ಗೋರಿಗಳು ಎಲ್ಲಿವೆಯೋ ಅಲ್ಲಿ ಗುರುತು ಹಾಕಬೇಕು. ಗುರುತು ಇದ್ದಲ್ಲಿ ಬುಲ್ಡೋಜರ್ ಹೋಗಬಾರದು.

ಡಿಸೆಂಬರಿನ ಮೊದಲ ವಾರ ಆ ಕಡೆಯಿಂದ ಇಬ್ಬರು ಬಂದರು. ಹೊಸದಾಗಿ ಕೊಳ್ಳುವವರನ್ನು ಮುಖ ಕೊಟ್ಟು ಮಾತಾಡಿಸಬೇಕು ಎಂದು ಅವರೇ ಹಟ ಹಿಡಿದಿದ್ದರಂತೆ. ಒಬ್ಬರು ಎಂಬತ್ತರ ಆಸುಪಾಸಿನ ಮುದುಕಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತೀರಿಕೊಂಡವರ ಹೆಸರು ಹೇಳುವುದು ಅವರಲ್ಲಿ ಸಲ್ಲದು. ಎಲ್ಲರೂ ಅವರನ್ನು ಆಂಟಿ ಎನ್ನುತ್ತಿದ್ದರು. ಬೆಂಗಳೂರಲ್ಲಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನೂ ನಾವು ಆಂಟಿ ಎನ್ನುತ್ತೇವೆ, ಆದ್ದರಿಂದ ನನ್ನ ಬಾಯಿಗೂ ಅದು ಸಲೀಸಾಗಿ ಬಂತು. ಜೊತೆಗಿದ್ದವಳು ಅವರ ತಂಗಿಯ ಮಗಳು ರೋಸ್ಲಿನ್, ಐವತ್ತರ ಹತ್ತಿರದವಳು, ತಮ್ಮ ಜನರ ನೆಲದ ಹಕ್ಕಿನ ಸಂಘದಲ್ಲಿ ಕೆಲಸ. ಅವಳು ಕಡಿಮೆ ಮಾತಿನವಳು. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು.

ಸಭೆಗೆ ಇಟ್ಟದ್ದು ಅರ್ಧ ಗಂಟೆ. ನನ್ನ ಮೇಲಧಿಕಾರಿ ಯೆರೂನ್ ಕೈಕುಲುಕಿ, ಫೋಟೋ ತೆಗೆಸಿಕೊಂಡು, ಕಾಫಿ ಕೊಡಿಸಿದ. ಯೆರೂನ್ ಕೆಟ್ಟವನಲ್ಲ. ನನ್ನ ಮಗಳ ಹುಟ್ಟುಹಬ್ಬ ನೆನಪಿಟ್ಟುಕೊಂಡು ಕೇಳುವವನು. ನಾನು ನಕ್ಷೆಯನ್ನು ಗೋಡೆಯ ಪರದೆಗೆ ಹಾಕಿದೆ. ಆಂಟಿ ಎದ್ದು ಹತ್ತಿರ ಹೋಗಿ ಬೆರಳಿಟ್ಟು ಒಂದೊಂದೇ ಜಾಗದ ಹೆಸರು ಹೇಳುತ್ತ ಬಂದರು. ನನ್ನ ಹೆಸರುಗಳೆಲ್ಲ ಬಾವಿ ಒಂದು, ಬಾವಿ ಎರಡು, ಉತ್ತರದ ಬೇಲಿ. ಅವರ ಹೆಸರುಗಳು ಒಂದಕ್ಕೊಂದು ಹೊಂದಿಕೊಂಡು ನಡೆದ ದಾರಿಯಂತೆ ಇದ್ದವು. ಹಳ್ಳವೊಂದು ತಿರುಗುವಲ್ಲಿ ಸಣ್ಣ ನೀರುಗುಂಡಿ, ಅದರ ಪಕ್ಕ ಉದ್ದನೆಯ ಮರಳುದಿಬ್ಬ. ಅಲ್ಲಿ ಬೆರಳು ನಿಂತಿತು.

"ಇಲ್ಲಿ ನಮ್ಮವರನ್ನ ಸುಟ್ಟರು," ಅಂದರು. ಧ್ವನಿ ಏರಿಸಲಿಲ್ಲ.

ಉಳಿದದ್ದನ್ನು ರೋಸ್ಲಿನ್ ಹೇಳಿದಳು. ಯಾರೋ ಒಂದು ದನವನ್ನು ಈಟಿಯಿಂದ ಕೊಂದರು ಎಂದು ಸ್ಟೇಷನ್ನಿನ ಗಂಡಸರು ಕುದುರೆ ಹತ್ತಿ ಬಂದು, ನೀರುಗುಂಡಿಯ ಹತ್ತಿರ ಬಿಡಾರದಲ್ಲಿದ್ದವರ ಮೇಲೆ ಗುಂಡು ಹಾರಿಸಿದ್ದರು. ಹೆಣಗಳನ್ನು ದಿಬ್ಬಕ್ಕೆ ಎಳೆದು ಸುಟ್ಟಿದ್ದರು. ಆಂಟಿಯ ತಾಯಿ ಆಗ ಚಿಕ್ಕ ಹುಡುಗಿ. ದಂಡೆಯ ಬೇರುಗಳ ಸಂದಿಯಲ್ಲಿ ಮೂಗಿನವರೆಗೆ ನೀರಲ್ಲಿ ಮುಳುಗಿ ಕೂತು ಬದುಕಿದವಳು.

ಯೆರೂನ್ ತುಂಬ ದುಃಖದ ವಿಷಯ ಎಂದ. ಆಮೇಲೆ, ಇದಕ್ಕೆ ಏನಾದರೂ ಬರೆದ ದಾಖಲೆ ಇದೆಯೇ ಎಂದು ಕೇಳಿದ.

ಆಂಟಿ ಅವನನ್ನು ನೋಡಿದರು. "ಅವತ್ತು ಅಲ್ಲಿ ಬರೆಯೋಕೆ ಬರ್ತಿದ್ದವರು ಗುಂಡು ಹೊಡೆದವರು ಮಾತ್ರ," ಅಂದರು.

ಸಭೆ ಮುಗಿದಾಗ ಅವರಿಬ್ಬರೂ ಲಿಫ್ಟಿನ ಮುಂದೆ ಸುಮ್ಮನೆ ನಿಂತಿದ್ದರು. ಮಾರನೆಯ ದಿನದ ವಿಮಾನ. ಉಳಿದುಕೊಂಡದ್ದು ಬೈಟನ್‌ವೆಲ್ಡರ್ಟಿನ ಒಂದು ಹೋಟೆಲಿನಲ್ಲಿ; ಅಲ್ಲಿನ ಊಟ ಆಂಟಿಗೆ ಸೇರುತ್ತಿಲ್ಲ ಎಂದು ರೋಸ್ಲಿನ್ ಹೇಳಿದಳು. ಆಂಟಿಯ ಕೋಟು ಯಾರದೋ ಗಂಡಸಿನದು, ತೋಳು ಮಡಿಚಿದ್ದರು. ನಮ್ಮನೆಗೆ ಬನ್ನಿ, ಅನ್ನ ಮಾಡ್ತೀನಿ ಅಂದೆ. ಏನೂ ಯೋಚಿಸಿ ಅಂದದ್ದಲ್ಲ.

ಟ್ರಾಮಿನಲ್ಲಿ ಬಂದೆವು. ನನ್ನ ಗಂಡ ಸಲೀಂ ಆಗಲೇ ಬೀಫ್ ಸಾರು ಇಟ್ಟಿದ್ದ. ಮುಚ್ಚಳ ತೆಗೆದಾಗ ಆಂಟಿ ಇಣುಕಿ, ಒಳ್ಳೆ ಭಾಗ ಹಾಕಿದ್ದೀರಿ, ಸ್ಟೇಷನ್ನಿನಲ್ಲಿ ನಮಗೆ ಕೊಡ್ತಿದ್ದದ್ದು ಕರುಳು, ತಲೆ ಅಷ್ಟೆ ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಂಜೆ.

ನನ್ನ ಮಗಳು ಝೋಯಾಗೆ ಆಗ ಆರು ವರ್ಷ. ಅವಳಿಗೆ ಕಿವಿ ಬಹಳ ಕಡಿಮೆ ಕೇಳಿಸುತ್ತದೆ. ನಾಲ್ಕರವರೆಗೂ ಅವಳು ಒಂದು ಪದವೂ ಆಡಿರಲಿಲ್ಲ. ಆಮ್ಸ್ಟರ್‌ಡ್ಯಾಮಿನ ಒಂದು ವಿಶೇಷ ಶಾಲೆಗೆ ಸೇರಿಸಿದ ಮೇಲೆ ಕೈಸನ್ನೆ ಕಲಿತಳು, ನಂತರ ಒಂದೆರಡು ಡಚ್ ಪದ. ಮಾತು ಕಲಿಸುವ ಟೀಚರು ಮನೆಯಲ್ಲಿ ಭಾಷೆ ಕಡಿಮೆ ಮಾಡಿ ಅಂದಿದ್ದಕ್ಕೆ ನಾವು ಮನೆಮಾತಾದ ದಖನಿ ಬಿಟ್ಟೆವು, ಕನ್ನಡ ನನ್ನ ಮತ್ತು ಸಲೀಂ ನಡುವೆ ಮಾತ್ರ ಉಳಿಯಿತು. ಹೊಸಬರ ಮುಂದೆ ಅವಳು ಸೋಫಾದ ಹಿಂದೆ ಸೇರಿಕೊಳ್ಳುವವಳು. ಅವತ್ತೂ ಸೇರಿಕೊಂಡಳು. ಆಂಟಿ ಅವಳ ಕಡೆ ತಿರುಗಿ ಬಾಯಿ ಆಡಿಸದೆ ಬಲಗೈಯನ್ನು ಮಾತ್ರ ಆಡಿಸಿದರು: ನೀರು, ಬಾ, ಹಾವು, ಮಲಗು. ಅವರ ಕಡೆಯ ಹೆಂಗಸರು ಗಂಡ ಸತ್ತಾಗ ತಿಂಗಳುಗಟ್ಟಲೆ ಮಾತು ಬಿಟ್ಟು ಕೈಯಲ್ಲೇ ಎಲ್ಲ ಹೇಳುತ್ತಾರಂತೆ. ಅದಕ್ಕೆಂದೇ ಒಂದು ಪೂರ್ತಿ ಕೈಭಾಷೆ ಇದೆಯಂತೆ. ಝೋಯಾ ಮೊದಲು ತಲೆ ಹೊರಗೆ ಹಾಕಿದಳು, ಆಮೇಲೆ ಬಂದು ಅವರ ಮೊಣಕಾಲಿಗೆ ಒರಗಿ ನಿಂತಳು. ಅವಳ ಸನ್ನೆ ಬೇರೆ, ಅವರದು ಬೇರೆ. ಆದರೂ ಊಟ ಮುಗಿಯುವವರೆಗೆ ಇಬ್ಬರ ಕೈಗಳೂ ನಿಲ್ಲಲಿಲ್ಲ.

ಊಟದ ಮಧ್ಯೆ ಆಂಟಿ ತಮ್ಮ ಕತೆ ಹೇಳಿದರು. ಹುಟ್ಟಿದ್ದು ಸ್ಟೇಷನ್ನಿನ ಹಿಂದಿನ ಬಿಡಾರದಲ್ಲಿ. ನೆಟ್ಟಗೆ ನಿಲ್ಲಲು ಬಂದಾಗಿನಿಂದ ಮಾಲೀಕರ ಅಡುಗೆಮನೆಯಲ್ಲಿ ಕೆಲಸ. ಅಪ್ಪ ಕುದುರೆಯ ಮೇಲೆ ದನ ಕಾಯುವವನು, ಯಾವ ಹಸುವಿನ ಕರು ಯಾವುದು ಎಂದು ದೂರದಿಂದಲೇ ಹೇಳುವವನು. ಕೂಲಿ ಅಂದರೆ ಹಿಟ್ಟು, ಚಹಾ, ಸಕ್ಕರೆ. ಬಿಳಿಯರಷ್ಟೇ ಸಂಬಳ ಇವರಿಗೂ ಕೊಡಬೇಕು ಎಂಬ ನಿಯಮ ಬಂದಾಗ ಮ್ಯಾನೇಜರ್ ಒಂದು ಬೆಳಿಗ್ಗೆ ಲಾರಿ ತರಿಸಿ, ಎಲ್ಲರನ್ನೂ ಹತ್ತಿಸಿ, ಊರ ಹೊರಗಿನ ಬಯಲಿನಲ್ಲಿ ಇಳಿಸಿ ಹೋದ. ನಾಯಿಗಳನ್ನು ಹತ್ತಿಸಲು ಬಿಡಲಿಲ್ಲ. ಲಾರಿ ಹೊರಡುವಾಗ ಹಿಂದೆ ಗುಂಡಿನ ಸದ್ದು ಕೇಳಿಸಿತು, ಒಂದಾದ ಮೇಲೆ ಒಂದು. ಅಪ್ಪ ಆಮೇಲೆ ಎರಡು ವರ್ಷವೂ ಬದುಕಲಿಲ್ಲ. ಇವರು ಊರಂಚಿನ ತಗಡಿನ ಮನೆಯಲ್ಲಿ ಅರ್ಧ ಶತಮಾನ ಕಳೆದು, ಸಂಘ ಕಟ್ಟಿ, ಕೇಸು ಹಾಕಿದರು. ನ್ಯಾಯಾಧೀಶರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಇವರ ಮಾತು ಕೇಳಿದರು. ತೀರ್ಪು ಇವರ ಪರವಾಗಿ ಬಂದ ಮರುವಾರ ಹೋಗಿ ನೋಡಿದರೆ ಗೇಟಿಗೆ ಹೊಸ ಬೀಗ. ಒಳಗೆ ಹೋಗುವುದಕ್ಕೆ ಪ್ರತಿ ಸಲ ಮುಂಚಿತವಾಗಿ ಪತ್ರ ಬರೆಯಬೇಕು ಎಂದರಂತೆ.

"ನೀನು ನಕ್ಷೆ ಬರೆಯೋಳು ಅಲ್ವಾ?" ಎಂದು ಕೇಳಿದರು.

ನಾನು ಬ್ಯಾಗಿನಲ್ಲಿದ್ದ ಮುದ್ರಿತ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. ಆಂಟಿ ಝೋಯಾಳ ಪೆನ್ಸಿಲ್ ತೆಗೆದುಕೊಂಡು ನೀರುಗುಂಡಿಯ ಸುತ್ತ ಗೆರೆ ಎಳೆದರು. ಗುಂಡಿಯಷ್ಟಕ್ಕೇ ನಿಲ್ಲಲಿಲ್ಲ. ಹಳ್ಳದ ತಿರುವು ದಾಟಿ, ಮರಳುದಿಬ್ಬ ಪೂರ್ತಿ ಒಳಗೆ ಬರುವಂತೆ, ನಡುನಡುವೆ ಕಣ್ಣು ಮುಚ್ಚಿ ಯೋಚಿಸುತ್ತ, ನಿಧಾನವಾಗಿ ಸುತ್ತು ಮುಗಿಸಿದರು. ಕೆಳಗೆ ರೋಸ್ಲಿನ್ ತಾರೀಖು ಹಾಕಿದಳು. ಆಂಟಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆದರು.

"ಇದನ್ನ ಹಾಕ್ತೀಯಾ?"

"ಹಾಕ್ತೀನಿ, ಆಂಟಿ," ಅಂದೆ.

ಹಾಕಿದೆ ಕೂಡ. ಮಾರನೆಯ ದಿನವೇ ಆ ಗೆರೆಯನ್ನು ಅಳತೆಗೆ ತಂದು, ಪದರದಲ್ಲಿ ಕೂರಿಸಿ, ಕಾರಣ ಬರೆದೆ. ಆ ಎರಡು ವಾರ ನನಗೆ ನನ್ನ ಕೆಲಸದ ಮೇಲೆ ಹಿಂದೆಂದೂ ಇಲ್ಲದ ಹೆಮ್ಮೆ ಇತ್ತು.

ಕ್ರಿಸ್‌ಮಸ್ ರಜೆಗೆ ಮುಂಚೆ ಯೆರೂನ್ ಕರೆದ. ಅಲ್ಲಿನ ಇಂಜಿನಿಯರುಗಳ ಯೋಜನೆಯಲ್ಲಿ ಹೊಸ ದನದ ದೊಡ್ಡಿ, ನೀರಿನ ತೊಟ್ಟಿ, ಲಾರಿ ತಿರುಗುವ ಜಾಗ ಎಲ್ಲ ಆ ಮರಳುದಿಬ್ಬದ ಮೇಲೇ ಬರುತ್ತಿತ್ತು. ಸುತ್ತಲಿನ ನೆಲ ಮಳೆಗಾಲದಲ್ಲಿ ಕೆಸರು. ಎತ್ತರದ ಗಟ್ಟಿ ಜಾಗ ಅದೊಂದೇ. ಯೆರೂನ್ ಬಹಳ ಮೆತ್ತಗೆ ಮಾತಾಡಿದ. ಅವರ ನೋವನ್ನು ನಾನು ಅಲ್ಲಗಳೆಯುತ್ತಿಲ್ಲ, ಆದರೆ ಒಪ್ಪಂದದ ನಕ್ಷೆಯಲ್ಲಿ ದಾಖಲೆಯಿಂದ ದೃಢಪಟ್ಟದ್ದು ಮಾತ್ರ ಇರಬೇಕು, ಉಳಿದದ್ದು ಅನುಬಂಧದಲ್ಲಿ ಇರಲಿ ಎಂದ. ದೃಢಪಟ್ಟದ್ದು ಯಾವುದು ಎಂದು ನೀನೇ ತೀರ್ಮಾನಿಸು, ನಿನ್ನ ವೃತ್ತಿಪರತೆ ಮೇಲೆ ನನಗೆ ನಂಬಿಕೆ ಇದೆ ಎಂದ. ಆಮೇಲೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ, ನಿನ್ನ ಕಾಯಂ ಕರಾರು ಜನವರಿಯಲ್ಲಿ ಸಹಿಗೆ ಬರುತ್ತದೆ ಎಂದ. ಬಹುಶಃ ನಿಜವಾಗಿಯೂ ಸಂಬಂಧ ಇರಲಿಲ್ಲ.

ನಮ್ಮ ವಾಸದ ಪರವಾನಗಿ ನನ್ನ ಕೆಲಸಕ್ಕೆ ಕಟ್ಟಿಕೊಂಡಿತ್ತು. ಕೆಲಸ ಹೋದರೆ ಮೂರು ತಿಂಗಳಲ್ಲಿ ಇನ್ನೊಂದು ಹುಡುಕಬೇಕು, ಇಲ್ಲದಿದ್ದರೆ ಹೊರಡಬೇಕು. ಐದು ವರ್ಷ ತುಂಬಿದರೆ ಕಾಯಂ ಪರವಾನಗಿಗೆ ಅರ್ಜಿ ಹಾಕಬಹುದು. ಆಗ ನಮಗೆ ನಾಲ್ಕೂವರೆ ಆಗಿತ್ತು. ಝೋಯಾ ಆ ತಿಂಗಳು ಶಾಲೆಯಲ್ಲಿ ಮೊದಲ ಸಲ ಮೂರು ಪದದ ವಾಕ್ಯ ಹೇಳಿದ್ದಳು.

ಮನೆಗೆ ಬಂದು ಸಲೀಂಗೆ ಹೇಳಿದೆ. ಅವನು ತಟ್ಟೆ ತೊಳೆಯುತ್ತಿದ್ದ, ತಿರುಗಲಿಲ್ಲ.

"ನೀನು ತೆಗೀದಿದ್ರೂ ಇನ್ನೊಬ್ಬರ ಕೈಲಿ ತೆಗೆಸ್ತಾರೆ, ನಸೀಮಾ. ನಾವ್ ಮಾತ್ರ ಪ್ಯಾಕ್ ಮಾಡ್ಬೇಕಾಗತ್ತೆ."

ನನಗೆ ಅವನ ಮೇಲೆ ವಿಪರೀತ ಸಿಟ್ಟು ಬಂತು. ಅವನ ಬಾಯಿಂದ ಅದೇ ಮಾತು ಬರಲಿ ಎಂದು ಕಾದುಕೊಂಡೇ ನಾನು ಟ್ರಾಮ್ ಹತ್ತಿದ್ದೆ; ಸಿಟ್ಟು ಅದಕ್ಕೆ.

ಮಾರನೆಯ ಬೆಳಿಗ್ಗೆ ತೆಗೆದೆ. ಪೂರ್ತಿ ತೆಗೆಯಲಿಲ್ಲ, ಅದೇ ನಾನು ಆಗ ನನಗೆ ಹೇಳಿಕೊಂಡ ಸಮಾಧಾನ. ಆಂಟಿಯ ಗೆರೆಯನ್ನು ಅಳಿಸಿ ನೀರುಗುಂಡಿಯ ಮೇಲೆ ಒಂದು ಚುಕ್ಕೆ ಇಟ್ಟು, ನಿಯಮದಲ್ಲಿರುವ ಕನಿಷ್ಠ ಅಂತರದ ಒಂದು ಪುಟ್ಟ ವೃತ್ತ ಎಳೆದೆ. ಮರಳುದಿಬ್ಬ ಹೊರಗೆ ಉಳಿಯಿತು. ಅನುಬಂಧದಲ್ಲಿ ಎರಡು ಸಾಲು ಬರೆದೆ: ಸುತ್ತಲಿನ ಪ್ರದೇಶದ ಬಗ್ಗೆ ಮೌಖಿಕ ಹೇಳಿಕೆ ಇದೆ, ದೃಢಪಟ್ಟಿಲ್ಲ. ಹತ್ತು ನಿಮಿಷವೂ ಹಿಡಿಯಲಿಲ್ಲ. ಪೆನ್ಸಿಲಿನ ಹಾಳೆಯನ್ನು ಮಡಿಸಿ ಮನೆಗೆ ತಂದು ಪಾಸ್‌ಪೋರ್ಟುಗಳ ಜೊತೆ ಇಟ್ಟೆ.

ಜನವರಿಯಲ್ಲಿ ನನ್ನ ಕರಾರಿಗೆ ಸಹಿ ಬಿತ್ತು. ಫೆಬ್ರವರಿಯಲ್ಲಿ ಸ್ಟೇಷನ್ನಿನ ಖರೀದಿ ಮುಗಿಯಿತು. ಆ ವರ್ಷ ಇಲ್ಲಿ ಚಳಿಗಾಲ ಬಿಟ್ಟು ಹೋಗಲೇ ಇಲ್ಲ. ಏಪ್ರಿಲ್ ಕೊನೆಯವರೆಗೂ ಮಳೆ ಹೊಡೆದು ಹೊಲಗಳಲ್ಲೆಲ್ಲ ನೀರು ನಿಂತಿತ್ತು. ರೋಸ್ಲಿನ್ ಎರಡು ಸಲ ಮೇಲ್ ಬರೆದಳು. ಕೊನೆಯ ನಕ್ಷೆಯ ಒಂದು ಪ್ರತಿ ಕಳಿಸು, ಆಂಟಿ ಕೇಳುತ್ತಿದ್ದಾರೆ ಎಂದು. ಮೊದಲನೆಯದಕ್ಕೆ ಉತ್ತರ ಕೊಡಲಿಲ್ಲ. ಎರಡನೆಯದಕ್ಕೆ, ನಕ್ಷೆ ಈಗ ಕಾನೂನು ವಿಭಾಗದಲ್ಲಿದೆ, ಅವರನ್ನು ಕೇಳಿ ಎಂದು ಬರೆದೆ.

ಮೇ ತಿಂಗಳಲ್ಲಿ ಕಾಯಂ ಪರವಾನಗಿಗೆ ಅರ್ಜಿ ಹಾಕಿದೆವು. ಆ ಹೊತ್ತಿಗೆ ಅಲ್ಲಿ ಮಳೆ ನಿಂತು ನೆಲ ಒಣಗಿ ಕೆಲಸ ಶುರುವಾಗಿತ್ತು. ಕಾಮಗಾರಿ ಎಲ್ಲಿಗೆ ಬಂತೆಂದು ಉಪಗ್ರಹದ ಚಿತ್ರ ನೋಡಿ ವರದಿ ಬರೆಯುವುದೂ ನನ್ನದೇ ಪಾಲಿಗೆ ಬಂತು. ವಾರಕ್ಕೊಂದು ಚಿತ್ರ. ಒಂದು ವಾರ ಹೊಸದೊಂದು ದಾರಿ ಹಳ್ಳದ ಕಡೆ ಎಳೆದಿತ್ತು. ಮುಂದಿನ ವಾರ ದಿಬ್ಬದ ತುದಿಯ ಮರಗಳ ನೆರಳು ಇರಲಿಲ್ಲ. ಅದರ ಮುಂದಿನ ವಾರ ದಿಬ್ಬದ ನಡುವೆ ಬೆಳ್ಳಗಿನ ಚೌಕ. ನಾನು ಪ್ರತಿ ಸಲ ಬರೆದದ್ದು, ಕಾಮಗಾರಿ ಯೋಜನೆಯ ಪ್ರಕಾರ ಸಾಗುತ್ತಿದೆ.

ಆಗಸ್ಟಿನಲ್ಲಿ ಕೆಲಸ ನಿಂತಿತು. ಬುಲ್ಡೋಜರಿನ ಅಲಗಿಗೆ ಮೂಳೆಗಳು ಸಿಕ್ಕಿದ್ದವು. ಸುಟ್ಟ ಮೂಳೆಗಳು, ಮರಳಿನಲ್ಲಿ ಹರಡಿಹೋಗಿದ್ದವು. ಚಾಲಕ ತಾನೇ ಯಂತ್ರ ನಿಲ್ಲಿಸಿ ಇಳಿದು, ಪೊಲೀಸರಿಗೆ ಫೋನ್ ಮಾಡಿದ್ದನಂತೆ. ಅವನ ಹೆಸರು ನನಗೆ ಗೊತ್ತಿಲ್ಲ, ಅವನ ಬಗ್ಗೆ ಆಗಾಗ ಯೋಚಿಸುತ್ತೇನೆ. ಎರಡು ದಿನದಲ್ಲಿ ಅಲ್ಲಿನ ಪತ್ರಿಕೆಗಳಿಗೆ ಕಂಪನಿಯಿಂದ ಹೇಳಿಕೆ ಹೋಯಿತು: ಖರೀದಿ ಒಪ್ಪಂದದ ಯಾವ ನಕ್ಷೆಯಲ್ಲೂ ಈ ಜಾಗವನ್ನು ಗುರುತಿಸಿರಲಿಲ್ಲ. ಸುಳ್ಳಲ್ಲ. ಅದು ಸುಳ್ಳಾಗದಂತೆ ಮಾಡಿದವಳು ನಾನು. ಯೆರೂನ್ ನನ್ನ ಮೇಜಿನ ಹತ್ತಿರ ಬಂದು, ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ ಅಲ್ಲವೇ ಎಂದು ಕೇಳಿದ. ನನ್ನ ಮುಖ ನೋಡಿ ಕೇಳಿದ. ನಾನು ಹೌದು ಅಂದೆ.

ಆ ಮೇಲೆ ಬಂದದ್ದು ಸೆಪ್ಟೆಂಬರ್. ರೋಸ್ಲಿನ್ ಹಿಂದಿನ ಸಭೆಯಲ್ಲಿದ್ದ ಎಲ್ಲರಿಗೂ ಒಂದು ಮೇಲ್ ಕಳಿಸಿದಳು. ಆಂಟಿ ತೀರಿಕೊಂಡರು, ಮೂಳೆ ಸಿಕ್ಕ ಸುದ್ದಿ ಕೇಳಿದ ಮೇಲೆ ಊಟ ಬಿಟ್ಟಿದ್ದರು. ನಿಮ್ಮ ಪ್ರಕಟಣೆಯಲ್ಲಿ ಅವರ ಫೋಟೋ ಮತ್ತು ಹೆಸರು ಇದೆ, ದಯವಿಟ್ಟು ತೆಗೆಯಿರಿ, ನಮ್ಮಲ್ಲಿ ಇದು ತಪ್ಪು. ಆಗ ನೋಡಿದೆ. ಕಂಪನಿಯ ಜಾಲತಾಣದ ವಾರ್ಷಿಕ ವರದಿಯಲ್ಲಿ ಯೆರೂನ್ ಆಂಟಿಯ ಕೈ ಹಿಡಿದು ನಿಂತ ಚಿತ್ರ, ಕೆಳಗೆ ಸ್ಥಳೀಯ ಸಮುದಾಯದೊಂದಿಗೆ ಸಮಾಲೋಚನೆ ಎಂಬ ಸಾಲು. ತೆಗೆಯುವುದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನು ಮೂರು ವಿಭಾಗಗಳಿಗೆ ಓಡಾಡಿ ಹದಿನೈದು ದಿನದ ಮೇಲೆ ತೆಗೆಸಿದೆ. ಆಂಟಿಗಾಗಿ ನಾನು ಅಳಿಸಿದ್ದು ಅದೊಂದು.

ಅವತ್ತೇ ಆ ಪೆನ್ಸಿಲಿನ ಹಾಳೆಯನ್ನು ರೋಸ್ಲಿನ್‌ಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ಪರವಾನಗಿ ಬರಲಿ ಎಂದು ಕಾದೆ. ಅಂಚೆಯವನ ಗಾಡಿಯ ಸದ್ದಿಗೆ ಕಿವಿಗೊಟ್ಟು, ದಿನಾ ಬಂದು ಡಬ್ಬ ತೆರೆದು ನೋಡಿ, ಎಲೆ ಉದುರುವ ಎರಡು ತಿಂಗಳು ಪೂರ್ತಿ ಕಾದೆ. ಸಲೀಂಗೂ ಗೊತ್ತಿತ್ತು, ನಾವು ಆ ಬಗ್ಗೆ ಮಾತಾಡಲಿಲ್ಲ. ನವೆಂಬರಿನಲ್ಲಿ ಕಾಯಂ ಪರವಾನಗಿಯ ಕಾರ್ಡುಗಳು ಬಂದವು. ಅವತ್ತು ಅವನು ಝೋಯಾಗೆ ಕೇಕ್ ತಂದ. ನಾನು ಮಾರನೆಯ ದಿನ ರಜೆ ಹಾಕಿ, ಹಾಳೆಯನ್ನು ಸ್ಕ್ಯಾನ್ ಮಾಡಿ, ಮೊದಲಿನ ನಕ್ಷೆ ಮತ್ತು ಬದಲಾಯಿಸಿದ ನಕ್ಷೆ ಎರಡನ್ನೂ ಸೇರಿಸಿ ಕಳಿಸಿದೆ. ಕಳಿಸಿದ್ದೇನೆ ಎಂದು ಯೆರೂನ್‌ಗೂ ಬರೆದೆ. ಮಧ್ಯಾಹ್ನದೊಳಗೆ ನನ್ನ ಲಾಗಿನ್ ನಿಂತಿತ್ತು.

ರೋಸ್ಲಿನ್ ಫೋನ್ ಮಾಡಿದಳು. ಮೊದಲು ತಾರೀಖು ತನ್ನದೇ ಕೈಬರಹ ಎಂದು ಖಚಿತ ಮಾಡಿಕೊಂಡಳು. ಹಾಳೆ ಎಲ್ಲಿದೆ, ಒದ್ದೆಯಾಗದ ಜಾಗದಲ್ಲಿದೆಯೇ ಎಂದು ಕೇಳಿದಳು.

"ಇಷ್ಟು ದಿನ ಯಾಕೆ ಇಟ್ಕೊಂಡಿದ್ದೆ?"

ಕಾರ್ಡಿಗಾಗಿ ಕಾಯುತ್ತಿದ್ದೆ ಅಂದೆ. ಝೋಯಾಳ ಶಾಲೆಯ ವಿಷಯ ಹೇಳಲು ಹೊರಟವಳು ಬಾಯಿ ಮುಚ್ಚಿಕೊಂಡೆ.

"ವಿಚಾರಣೆಯಲ್ಲಿ ಅದನ್ನೂ ಹೇಳಬೇಕಾಗತ್ತೆ ನೀನು," ಅಂದಳು ಅವಳು. "ಹಾಗೇ. ಅದೇ ಮಾತಿನಲ್ಲಿ."

ದಿಬ್ಬ ಅಗೆದದ್ದರ ಬಗ್ಗೆ ಸಂಘ ಹಾಕಿದ್ದ ದೂರಿನ ವಿಚಾರಣೆ ಡಿಸೆಂಬರಿನಲ್ಲಿ. ಅಲ್ಲಿ ಸಂಜೆ, ಇಲ್ಲಿ ಬೆಳಿಗ್ಗೆ. ಸಲೀಂ ಝೋಯಾಳನ್ನು ಶಾಲೆಗೆ ಕರೆದುಕೊಂಡು ಹೋದ ಮೇಲೆ ಅಡುಗೆಮನೆಯ ಮೇಜಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಪರದೆಯಲ್ಲಿ ಒಂದು ದೊಡ್ಡ ಕೋಣೆ, ಫ್ಯಾನು ತಿರುಗುತ್ತಿತ್ತು, ಹಿಂದಿನ ಸಾಲುಗಳಲ್ಲಿ ಮುದುಕಿಯರು, ಮಕ್ಕಳು, ಕೊನೆಯಲ್ಲಿ ರೋಸ್ಲಿನ್. ಕಂಪನಿಯ ವಕೀಲರು ಒಳ್ಳೆಯ ಮನುಷ್ಯರ ಹಾಗೆ ಮಾತಾಡಿದರು. ಆ ಗೆರೆಯನ್ನು ತೆಗೆಯಿರಿ ಎಂದು ಯಾರಾದರೂ ನಿಮಗೆ ಹೇಳಿದರೇ ಎಂದು ಕೇಳಿದರು. ನಾನು ಆ ದಿನದ ಯೆರೂನ್‌ನ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಎಷ್ಟು ಹುಡುಕಿದರೂ ಆ ವಾಕ್ಯ ಇರಲಿಲ್ಲ.

"ಇಲ್ಲ," ಅಂದೆ. "ನಾನೇ ತೆಗೆದೆ."

ಕೋಣೆಯಲ್ಲಿ ಯಾರೋ ಅದನ್ನು ತಮ್ಮ ಭಾಷೆಗೆ ತಿರುಗಿಸಿ ಹಿಂದಿನ ಸಾಲಿಗೆ ಹೇಳಿದರು. ಅಲ್ಲಿ ಕೂತಿದ್ದವರು ನನ್ನನ್ನು ನೋಡಲಿಲ್ಲ. ಒಬ್ಬರಾದ ಮೇಲೆ ಒಬ್ಬರು ನೆಲದ ಕಡೆ ಮುಖ ಮಾಡಿದರು.

ಗುತ್ತಿಗೆಗೆ ಏನೂ ಆಗಲಿಲ್ಲ. ದೊಡ್ಡಿಯನ್ನು ಕೆಸರಿನ ನೆಲಕ್ಕೆ ಸರಿಸಿದರು. ದಿಬ್ಬದಲ್ಲಿ ಉಳಿದದ್ದಕ್ಕೆ ತಂತಿಬೇಲಿ ಹಾಕಿ, ಅದರ ಗೇಟಿನ ಒಂದು ಬೀಗದ ಕೈಯನ್ನು ಸಂಘಕ್ಕೆ ಕೊಟ್ಟರು. ರಾಜಿಯ ಉಳಿದ ಷರತ್ತುಗಳು ಗೋಪ್ಯ. ಯೆರೂನ್ ಅದೇ ಕಂಪನಿಯಲ್ಲಿ ಇನ್ನೂ ಇದ್ದಾನೆ ಎಂದು ಕೇಳಿದ್ದೇನೆ. ನಾನು ಈಗ ಒಂದು ಜಲಮಂಡಳಿಗೆ ನೆಲದಡಿಯ ಕೊಳವೆಗಳ ನಕ್ಷೆ ಮಾಡುತ್ತೇನೆ. ಝೋಯಾ ಚೆನ್ನಾಗಿ ಮಾತಾಡುತ್ತಾಳೆ, ಡಚ್ಚಿನಲ್ಲಿ. ಅವಳ ಮಾತು ಕೇಳಿ ಖುಷಿಪಡುವ ಪ್ರತಿ ಸಲ ಅದರೊಳಗೆ ಇನ್ನೊಂದು ಲೆಕ್ಕ ಇದೆ ಎಂದು ನನಗೆ ಗೊತ್ತು.

ಪೊಲೀಸರ ಪೆಟ್ಟಿಗೆಯಿಂದ ಮೂಳೆಗಳು ಅವರ ಜನರ ಕೈಗೆ ಸಿಗಲು ಇನ್ನೂ ಆರು ತಿಂಗಳು ಬೇಕಾಯಿತು. ಒಂದು ಭಾನುವಾರ ನಾವು ಊಟಕ್ಕೆ ಕೂತಿದ್ದಾಗ ರೋಸ್ಲಿನ್‌ಳಿಂದ ಮೆಸೇಜ್ ಬಂತು. "ಇಂದು ಹೂಳಿದೆವು, ಮರಳುದಿಬ್ಬದಲ್ಲೇ. ನಿನ್ನನ್ನೂ ಕರೆಯೋಣ ಅಂತ ಕೆಲವರು ಅಂದರು. ನಾನು ಬೇಡ ಅಂದೆ. ಅದು ನಿನಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ."

ಸಲೀಂ ಏನು ಎಂದು ಕೇಳಿದ. ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಓದಿ ವಾಪಸ್ ಕೊಟ್ಟು, ಏನಂತ ಬರೀತೀಯಾ ಎಂದ. ಸರಿ ಎಂದು ಒಂದೇ ಪದ ಬರೆದು ಕಳಿಸಿದೆ. ಅವಳು ಓದಿದ್ದು ಕಾಣಿಸಿತು. ಆಮೇಲೆ ನನಗೂ ರೋಸ್ಲಿನ್‌ಗೂ ಮಾತಿಲ್ಲ.